ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು: ಕ್ಲೇ ಟ್ರ್ಯಾಪ್ ಪಂದ್ಯಕ್ಕೆ ಹ್ಯಾಂಡಿಕ್ಯಾಪ್ ಕಟ್ಟುವ ಬಗೆ

ಬೀದಿಯಲ್ಲಿ ಲಗೋರಿಯೋ ಕ್ರಿಕೆಟ್ಟೋ ಆಡುವಾಗ ದೊಡ್ಡ ಹುಡುಗರ ನಡುವೆ ಹಟ ಹಿಡಿದು ಸೇರಿಕೊಂಡ ಪುಟ್ಟ ತಮ್ಮನಿಗೆ ನಾವೆಲ್ಲ ಒಂದು ಸ್ಥಾನ ಕೊಡುತ್ತಿದ್ದೆವು: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವನು ಓಡಬಹುದು, ಚೆಂಡು ಎಸೆಯಬಹುದು, ಆದರೆ ಅವನು ಗಳಿಸಿದ್ದು ಯಾವ ತಂಡದ ಮೊತ್ತಕ್ಕೂ ಸೇರುತ್ತಿರಲಿಲ್ಲ. ಯಂತ್ರ ಹಾರಿಸುವ ತಟ್ಟೆಗಳನ್ನು ಕೋವಿಯಿಂದ ಒಡೆಯುವ ಕ್ಲೇ ಟ್ರ್ಯಾಪ್ ಶೂಟಿಂಗ್‌ನ ಕ್ಲಬ್ ಪಂದ್ಯಗಳಲ್ಲಿ ಹೊಸಬರ ಪಾಡು ಬಹುಮಟ್ಟಿಗೆ ಇದೇ. 25 ತಟ್ಟೆಗಳ ಸುತ್ತಿನಲ್ಲಿ 23 ಒಡೆಯುವ ಅನುಭವಿಯೂ 14 ಒಡೆಯುವ ಹೊಸಬನೂ ಒಂದೇ ಗೆರೆಯ ಮೇಲೆ ನಿಂತರೆ, ಮೊದಲ ತಟ್ಟೆ ಹಾರುವ ಮುನ್ನವೇ ಫಲಿತಾಂಶ ಎಲ್ಲರಿಗೂ ಗೊತ್ತಿರುತ್ತದೆ. ನಾಲ್ಕಾರು ತಿಂಗಳು ಹೀಗೆ ನಡೆದರೆ ಹೊಸಬ ಬರುವುದನ್ನೇ ನಿಲ್ಲಿಸುತ್ತಾನೆ, ಅನುಭವಿಗೂ ಗೆಲುವಿನ ರುಚಿ ಹೋಗುತ್ತದೆ. ಹ್ಯಾಂಡಿಕ್ಯಾಪ್, ಅಂದರೆ ಬಲ್ಲವರ ಮತ್ತು ಹೊಸಬರ ನಡುವಿನ ಅಂತರವನ್ನು ಸರಿದೂಗಿಸುವ ಲೆಕ್ಕ, ಇರುವುದು ಆ ಹೊಸಬನನ್ನು ಲೆಕ್ಕದೊಳಕ್ಕೆ ತರುವುದಕ್ಕೆ.

ಬೆಂಗಳೂರಿನವರಿಗೆ ಈ ಪದ ಹೊಸದಲ್ಲ. ರೇಸ್‌ಕೋರ್ಸ್‌ನಲ್ಲಿ ಹೆಚ್ಚು ಸಾಮರ್ಥ್ಯದ ಕುದುರೆಯ ಮೇಲೆ ಹೆಚ್ಚು ತೂಕ ಹೊರಿಸುವುದನ್ನು ಈ ಊರು ತಲೆಮಾರುಗಳಿಂದ ನೋಡಿದೆ. 1876ರಲ್ಲಿ ಆರಂಭವಾದ ಬೆಂಗಳೂರು ಗಾಲ್ಫ್ ಕ್ಲಬ್‌ನಂಥ ಕಡೆ ಆಡುವವರಿಗೆ ತಮ್ಮ ಹ್ಯಾಂಡಿಕ್ಯಾಪ್ ಸಂಖ್ಯೆ ಫೋನ್ ನಂಬರಿನಷ್ಟೇ ಬಾಯಿಪಾಠ. ಟ್ರ್ಯಾಪ್‌ನಲ್ಲಿಯೂ ತತ್ವ ಅದೇ. ಒಂದೋ ಬಲ್ಲವನ ಮೇಲೆ ಹೊರೆ ಹಾಕಬೇಕು, ಇಲ್ಲವೇ ಕಲಿಯುತ್ತಿರುವವನಿಗೆ ಕೈ ಆಸರೆ ಕೊಡಬೇಕು. ಹೊರೆ ಹಾಕುವ ವಿಧಾನವೆಂದರೆ ದೂರ, ಅಂದರೆ ಹಿಂದಿನ ಗೆರೆಯಿಂದ ಹೊಡೆಸುವುದು; ಆಸರೆ ಕೊಡುವ ವಿಧಾನವೆಂದರೆ ಕೂಡಿಕೆ, ಅಂದರೆ ಒಡೆದದ್ದಕ್ಕೆ ಒಂದಿಷ್ಟು ಅಂಕ ಕೂಡಿಸುವುದು. ಹತ್ತು ಹದಿನೈದು ಜನರ ಗುಂಪೊಂದು ತನ್ನ ತಿಂಗಳ ಪಂದ್ಯಕ್ಕೆ ಇವೆರಡರಲ್ಲಿ ಒಂದನ್ನು ಹೇಗೆ ಕಟ್ಟಿಕೊಳ್ಳಬಹುದೆಂಬುದನ್ನು, ನಮ್ಮ ಗುಂಪಿನ ಲೆಕ್ಕದ ಪುಸ್ತಕವನ್ನು ಹಲವು ವರ್ಷ ಹಿಡಿದ ಅನುಭವದಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಶಾಟ್‌ಗನ್ ಬಳಸುವ ಯಾವ ಚಟುವಟಿಕೆಯೂ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಚೌಕಟ್ಟಿನೊಳಗೆ, ಅನುಮತಿ ಇರುವ ರೇಂಜ್‌ನಲ್ಲಿ ಮಾತ್ರ ನಡೆಯಬೇಕು. ಬೆಂಗಳೂರು ನಗರದ ನಿವಾಸಿಗಳಿಗೆ ಕೋವಿಯ ಪರವಾನಗಿ ನೀಡುವ ಅಧಿಕಾರ ಪೊಲೀಸ್ ಕಮಿಷನರ್ ಅವರದು. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇಲ್ಲದವರನ್ನು ಗೆರೆಯ ಹತ್ತಿರಕ್ಕೂ ಬಿಡಬಾರದು. ಮುಂದೆ ಬರೆದಿರುವುದೆಲ್ಲ ಇಷ್ಟು ಸರಿಯಾಗಿರುವ ಕಡೆಗೆ ಮಾತ್ರ ಅನ್ವಯಿಸುತ್ತದೆ.

ಯಾವ ಟ್ರ್ಯಾಪ್, ಯಾವ ಗೆರೆ

ಟ್ರ್ಯಾಪ್ ಎಂಬ ಒಂದೇ ಹೆಸರಿನಲ್ಲಿ ಹಲವು ಆಟಗಳಿವೆ. ನಮ್ಮ ದೇಶದಲ್ಲಿ ರಾಷ್ಟ್ರೀಯ ಮಟ್ಟಕ್ಕೆ ಹೋಗುವವರು ಅಭ್ಯಾಸ ಮಾಡುವುದು ಒಲಿಂಪಿಕ್ ಟ್ರ್ಯಾಪ್. ಅದರಲ್ಲಿ ನೆಲದ ಕಂದಕದೊಳಗೆ 15 ಯಂತ್ರಗಳಿರುತ್ತವೆ, ಶೂಟರ್ ಅದರ ಹಿಂದೆ 15 ಮೀಟರ್ ದೂರದಲ್ಲಿ ನಿಲ್ಲುತ್ತಾನೆ, ತಟ್ಟೆ 76 ಮೀಟರ್‌ವರೆಗೆ ಹಾರುವ ವೇಗದಲ್ಲಿ ಹೊರಡುತ್ತದೆ, ಕಾಡತೂಸಿನಲ್ಲಿ 24 ಗ್ರಾಂ ಚರೆ (ಸಣ್ಣ ಗುಂಡುಗಳು) ಮಾತ್ರ ಇರಬಹುದು. 1962ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬಿಕಾನೇರಿನ ಕರ್ಣಿ ಸಿಂಗ್ ಬೆಳ್ಳಿ ಪಡೆದದ್ದು, 2006ರಲ್ಲಿ ಮಾನವ್‌ಜಿತ್ ಸಿಂಗ್ ಸಂಧು ವಿಶ್ವ ಚಾಂಪಿಯನ್ ಆದದ್ದು, 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಪುರುಷರ ತಂಡ ಚಿನ್ನ ಗೆದ್ದದ್ದು ಎಲ್ಲವೂ ಈ ಆಟದಲ್ಲಿ. ಇಲ್ಲಿ ಹ್ಯಾಂಡಿಕ್ಯಾಪ್ ಎಂಬುದೇ ಇಲ್ಲ, ಇರಲೂಬಾರದು. ದೇಶದ ಅತ್ಯುತ್ತಮರನ್ನು ಆರಿಸುವ ಪಂದ್ಯದಲ್ಲಿ ಎಲ್ಲರೂ ಒಂದೇ ಅಳತೆಗೆ ನಿಲ್ಲಬೇಕು.

ಹ್ಯಾಂಡಿಕ್ಯಾಪ್ ಬೆಳೆದು ನಿಂತದ್ದು ಅಮೆರಿಕನ್ ಟ್ರ್ಯಾಪ್‌ನಲ್ಲಿ ಮತ್ತು ಬ್ರಿಟನ್‌ನ ಡೌನ್ ದ ಲೈನ್ ಆಟದಲ್ಲಿ. ಎರಡರಲ್ಲಿಯೂ ಒಂದೇ ಯಂತ್ರ, ಐದು ನಿಲುಗಡೆ, ಪ್ರತಿ ನಿಲುಗಡೆಯಿಂದ ಐದು ತಟ್ಟೆ. ಯಂತ್ರ ಅತ್ತಿತ್ತ ತೂಗುತ್ತಿರುವುದರಿಂದ ತಟ್ಟೆ ಎಡಕ್ಕೆ ಹೋಗುವುದೋ ಬಲಕ್ಕೋ ಶೂಟರ್‌ಗೆ ಮೊದಲೇ ತಿಳಿಯುವುದಿಲ್ಲ. ಸಾಮಾನ್ಯ ಗೆರೆ ಯಂತ್ರದಿಂದ 16 ಗಜ, ಅಂದರೆ 14.63 ಮೀಟರ್ ಹಿಂದೆ ಇರುತ್ತದೆ. ಅಮೆರಿಕನ್ ಆಟದಲ್ಲಿ ಒಂದು ತಟ್ಟೆಗೆ ಒಂದೇ ಗುಂಡು. ಡೌನ್ ದ ಲೈನ್‌ನಲ್ಲಿ ಮೊದಲ ನಳಿಗೆಯಿಂದ ಒಡೆದರೆ 3 ಅಂಕ, ಎರಡನೆಯದರಿಂದ ಒಡೆದರೆ 2. ಸಣ್ಣ ಗುಂಪಿಗೆ ಅಮೆರಿಕನ್ ಕ್ರಮವೇ ಸಲೀಸು, ಲೆಕ್ಕವೂ ಸರಳ, ಕಾಡತೂಸಿನ ಖರ್ಚೂ ಕಡಿಮೆ. ಹಾಗಾಗಿ ನನ್ನ ಉದಾಹರಣೆಗಳೆಲ್ಲ ಆ ಕ್ರಮದವು.

ಪುಸ್ತಕವೇ ತಳಪಾಯ

ಹ್ಯಾಂಡಿಕ್ಯಾಪ್ ಕೊಡುವ ಮೊದಲು ಲೆಕ್ಕ ಇರಬೇಕು, ಲೆಕ್ಕಕ್ಕಿಂತ ಮೊದಲು ಒಂದು ಗಟ್ಟಿ ರಟ್ಟಿನ ಪುಸ್ತಕ ಇರಬೇಕು. ಮೊಬೈಲ್‌ನಲ್ಲಿ ಬರೆದುಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ, ಆದರೆ ಗೆರೆಯ ಹಿಂದೆ ಕುಳಿತವರೆಲ್ಲ ಒಟ್ಟಿಗೆ ನೋಡಬಹುದಾದ ತೆರೆದ ಪುಟ ಹುಟ್ಟಿಸುವ ನಂಬಿಕೆಯನ್ನು ಒಬ್ಬರ ಜೇಬಿನಲ್ಲಿರುವ ಫೋನು ಹುಟ್ಟಿಸುವುದಿಲ್ಲ. ನಮ್ಮ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದು ಅಡ್ಡ ಸಾಲು, ಸಾಲಿನಲ್ಲಿ ಐದೈದರ ಐದು ಮನೆಗಳು. ಒಡೆದ ತಟ್ಟೆಗೆ ಓರೆಗೆರೆ, ತಪ್ಪಿದ್ದಕ್ಕೆ ಸೊನ್ನೆ. ಪೆನ್ಸಿಲ್ ಅಲ್ಲ, ಪೆನ್ನು. ತಪ್ಪು ಬರೆದರೆ ಅಳಿಸದೆ ಹೊಡೆದುಹಾಕಿ ಪಕ್ಕದಲ್ಲಿ ಸಹಿ.

ಯಾವುದನ್ನು ಒಡೆದದ್ದೆಂದು ಬರೆಯಬೇಕು? ತಟ್ಟೆ ಮಣ್ಣಿನದಲ್ಲ, ಡಾಂಬರಿನಂಥ ಪಿಚ್ ಮತ್ತು ಸುಣ್ಣಕಲ್ಲಿನ ಪುಡಿ ಸೇರಿಸಿ ಅಚ್ಚು ಹೊಯ್ದದ್ದು, ಅಂತರರಾಷ್ಟ್ರೀಯ ಅಳತೆಯದಾದರೆ ಅಡ್ಡಗಲ 110 ಮಿಲಿಮೀಟರ್, ತೂಕ 105 ಗ್ರಾಂ. ಅದರಿಂದ ಕಣ್ಣಿಗೆ ಕಾಣುವ ಒಂದೇ ಒಂದು ಚೂರು ಬೇರ್ಪಟ್ಟರೂ ಅದು ಒಡೆದ ತಟ್ಟೆ. ಬರೀ ಬಣ್ಣದ ಧೂಳೆದ್ದು ತಟ್ಟೆ ಇಡಿಯಾಗಿ ನೆಲಕ್ಕಿಳಿದರೆ ಅದು ಸೊನ್ನೆ. ಈ ನಿಯಮದಲ್ಲಿ ಸಡಿಲ ಬಿಡುವ ಸ್ಕೋರರ್ ಇದ್ದಲ್ಲಿ ಸರಾಸರಿಗಳು ಒಂದೊಂದು ಭಾನುವಾರ ಒಂದೊಂದು ಬಗೆಯಾಗುತ್ತವೆ, ಅಂಥ ಸರಾಸರಿಯ ಮೇಲೆ ಕಟ್ಟಿದ ಹ್ಯಾಂಡಿಕ್ಯಾಪ್ ಯಾರಿಗೂ ನ್ಯಾಯ ಮಾಡುವುದಿಲ್ಲ.

ಎಷ್ಟು ಸುತ್ತುಗಳ ನಂತರ ಹ್ಯಾಂಡಿಕ್ಯಾಪ್ ಕೊಡಬೇಕೆಂಬುದು ಎಲ್ಲ ಗುಂಪುಗಳಲ್ಲೂ ಏಳುವ ಪ್ರಶ್ನೆ. ಒಂದೇ ಸುತ್ತನ್ನು ನೋಡಿ ಕೊಡುವ ಆಸೆಯನ್ನು ತಡೆದುಕೊಳ್ಳಿ. ಮೊದಲ ವರ್ಷ ನಾನೇ ಆ ತಪ್ಪು ಮಾಡಿದ್ದೆ. ಒಂದು ಸುತ್ತಿನಲ್ಲಿ 16 ಒಡೆದ ಹಿರಿಯರೊಬ್ಬರಿಗೆ ಅದರ ಮೇಲೆಯೇ ಲೆಕ್ಕ ಹಾಕಿ ದೊಡ್ಡ ಹ್ಯಾಂಡಿಕ್ಯಾಪ್ ಕೊಟ್ಟುಬಿಟ್ಟೆ. ಅವರು ಸತತ ಮೂರು ತಿಂಗಳು ಗೆದ್ದರು. ಆಮೇಲೆ ತಿಳಿಯಿತು, ಅಂದು ಅವರು ಬೇರೊಬ್ಬರ ಕೋವಿ ಹಿಡಿದಿದ್ದರು.

ಕೋವಿ ಸ್ವಂತದ್ದಾದರೂ, ಕೈ ಚೆನ್ನಾಗಿದ್ದರೂ, ಬರೀ ಆಕಸ್ಮಿಕದಿಂದಲೇ ಅಂಕ ಏರಿಳಿಯುತ್ತದೆ. ನೂರಕ್ಕೆ 80 ತಟ್ಟೆ ಒಡೆಯುವ ಶೂಟರ್‌ಗೆ 25ರ ಸುತ್ತಿನಲ್ಲಿ 20 ಬರಬೇಕು. ಆದರೆ ಸಂಭವನೀಯತೆಯ ಲೆಕ್ಕದಲ್ಲಿ ಐದು ಸುತ್ತುಗಳಲ್ಲಿ ಸುಮಾರು ನಾಲ್ಕು 18ರಿಂದ 22ರವರೆಗೆ ಎಲ್ಲಿಯಾದರೂ ಬೀಳಬಹುದು, ಐದನೆಯದು ಅದರಾಚೆಗೂ ಹೋಗಬಹುದು. ಅವರ ಕೌಶಲ ಬದಲಾಗಿರುವುದಿಲ್ಲ, ಅಂಕ ಮಾತ್ರ ಬದಲಾಗಿರುತ್ತದೆ. ಆದ್ದರಿಂದ ನಾಲ್ಕು ಸುತ್ತು, ಅಂದರೆ 100 ತಟ್ಟೆ ಪುಸ್ತಕಕ್ಕೆ ಬರುವವರೆಗೆ ಹೊಸ ಸದಸ್ಯರಿಗೆ ತಾತ್ಕಾಲಿಕ ಹ್ಯಾಂಡಿಕ್ಯಾಪ್ ಮಾತ್ರ ಇರಲಿ, ಅದರ ಪಕ್ಕದಲ್ಲಿ 'ತಾ' ಎಂದು ಬರೆದಿರಲಿ. ಎಂಟು ಸುತ್ತುಗಳಾದ ಮೇಲೆ ಅದನ್ನು ಖಾಯಂ ಮಾಡಬಹುದು.

ಹೆಸರು ನೋಡಿ ಹ್ಯಾಂಡಿಕ್ಯಾಪ್ ಕೊಡುವುದೂ ಇಷ್ಟೇ ಅಪಾಯ. ಕೊಡಗಿನ ಮನೆತನಗಳಿಂದ ಬಂದ ಗೆಳೆಯರು ನಮ್ಮಲ್ಲಿದ್ದಾರೆ, ಕೈಲ್‌ಮುಹೂರ್ತದ ಹಬ್ಬದಲ್ಲಿ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವರು, ಕೋವಿಯನ್ನು ಅವರಷ್ಟು ಸಹಜವಾಗಿ ಹಿಡಿಯುವವರನ್ನು ನಾನು ಕಂಡಿಲ್ಲ. ಆದರೆ ನಿಂತ ಕಾಯಿಗೆ ಉಸಿರು ಬಿಗಿಹಿಡಿದು ಗುರಿ ಇಡುವುದು ಬೇರೆ, ಹಾರುವ ತಟ್ಟೆಯ ಮುಂದಕ್ಕೆ ನಳಿಗೆ ಓಡಿಸುವುದು ಬೇರೆ. ಮೊದಲ ತಿಂಗಳು ಅವರ ಅಂಕವೂ ಹೊಸಬರ ಅಂಕದ ಆಸುಪಾಸಿನಲ್ಲೇ ಇರುತ್ತದೆ, ಆಮೇಲೆ ಬಹುಬೇಗ ಏರುತ್ತದೆ. ಗಂಡು, ಹೆಣ್ಣು, ವಯಸ್ಸು, ಊರು, ಮನೆತನ ಯಾವುದನ್ನೂ ನೋಡದೆ ಪುಸ್ತಕವನ್ನು ಮಾತ್ರ ನೋಡಿ.

ದೂರದ ಹ್ಯಾಂಡಿಕ್ಯಾಪ್

1880ರಲ್ಲಿ ಸಿನ್ಸಿನಾಟಿಯ ಜಾರ್ಜ್ ಲಿಗೋವ್‌ಸ್ಕಿ ಹಾರುವ ತಟ್ಟೆಯನ್ನು ರೂಪಿಸುವುದಕ್ಕೆ ಮೊದಲು ಗುರಿಗಾಗಿ ಜೀವಂತ ಪಾರಿವಾಳಗಳನ್ನು ಪೆಟ್ಟಿಗೆಗಳಿಂದ ಹಾರಿಸುತ್ತಿದ್ದರು. ಟ್ರ್ಯಾಪ್ ಎಂಬ ಹೆಸರೂ ಆ ಪೆಟ್ಟಿಗೆಯಿಂದ ಬಂದದ್ದು. ಬಲ್ಲವನನ್ನು ಹಿಂದಕ್ಕೆ ನಿಲ್ಲಿಸುವ ಪದ್ಧತಿ ಆ ಕಾಲದಿಂದಲೇ ಇತ್ತು. 1900ರಿಂದ ತಟ್ಟೆಗಳ ಮೇಲೆ ನಡೆಯುತ್ತಿರುವ ಅಮೆರಿಕದ ಗ್ರ್ಯಾಂಡ್ ಅಮೆರಿಕನ್ ಹ್ಯಾಂಡಿಕ್ಯಾಪ್ ಪಂದ್ಯ ಅದನ್ನು ಗಟ್ಟಿಗೊಳಿಸಿತು. ಇಂದು ಅಲ್ಲಿನ ಹವ್ಯಾಸಿ ಟ್ರ್ಯಾಪ್‌ಶೂಟಿಂಗ್ ಸಂಸ್ಥೆಯ ಕ್ರಮದಲ್ಲಿ ಹ್ಯಾಂಡಿಕ್ಯಾಪ್ ಗೆರೆಗಳು 19 ಗಜದಿಂದ 27 ಗಜದವರೆಗೆ ಇವೆ. ನೂರಕ್ಕೆ 96 ಅಥವಾ ಹೆಚ್ಚು ಒಡೆದವರು ತಾವಾಗಿಯೇ ಹಿಂದಕ್ಕೆ ಸರಿಯುತ್ತಾರೆ, ದೊಡ್ಡ ಕೂಟದಲ್ಲಿ ಗೆದ್ದವರೂ ಸರಿಯುತ್ತಾರೆ. ಸಾಕಷ್ಟು ತಟ್ಟೆಗಳ ನಂತರವೂ ಸರಾಸರಿ ಕೆಳಗಿದ್ದರೆ ಪರಿಶೀಲನೆಯಾಗಿ ಮುಂದಕ್ಕೆ ಬರುವ ಅವಕಾಶವಿದೆ. 27 ಗಜದ ಗೆರೆ ತಲುಪುವುದನ್ನು ಅಲ್ಲಿನ ಶೂಟರ್‌ಗಳು ಶಿಕ್ಷೆಯೆಂದು ತಿಳಿಯುವುದಿಲ್ಲ, ಬಿರುದೆಂದು ತಿಳಿಯುತ್ತಾರೆ. ಈ ಕ್ರಮದ ಸೊಗಸು ಅಲ್ಲಿದೆ: ಯಾರ ಅಂಕಕ್ಕೂ ಏನನ್ನೂ ಕೂಡುವುದಿಲ್ಲ, ಒಡೆದದ್ದೇ ಅಂಕ.

ದೂರ ಕಷ್ಟ ಕೊಡುವುದು ಹೇಗೆಂದು ತಿಳಿದರೆ ಎಷ್ಟು ಹಿಂದಕ್ಕೆ ನಿಲ್ಲಿಸಬೇಕೆಂಬುದೂ ತಿಳಿಯುತ್ತದೆ. 16 ಗಜದಿಂದ ಹೊಡೆಯುವವರು ತಟ್ಟೆಯನ್ನು ಸುಮಾರು 32ರಿಂದ 35 ಗಜದಲ್ಲಿ ಒಡೆಯುತ್ತಾರೆ. 27 ಗಜದಿಂದ ಹೊಡೆಯುವವರಿಗೆ ಅದೇ ತಟ್ಟೆ 40 ಗಜ ದಾಟಿದ ಮೇಲೆ ಸಿಕ್ಕುತ್ತದೆ. ಫುಲ್ ಚೋಕ್ ನಳಿಗೆ, ಅಂದರೆ ಚರೆ ಹರಡದಂತೆ ಬಾಯಿಯನ್ನು ಹೆಚ್ಚು ಬಿಗಿ ಮಾಡಿದ ನಳಿಗೆ, 40 ಗಜದಲ್ಲಿ ತನ್ನ ಚರೆಗಳಲ್ಲಿ ನೂರಕ್ಕೆ 70ನ್ನು 30 ಇಂಚಿನ ವೃತ್ತದೊಳಗೆ ಇಡುತ್ತದೆಂಬುದು ರೂಢಿಯ ಅಳತೆ. 24 ಗ್ರಾಂನ ಏಳೂವರೆ ನಂಬರ್ (ಇದು ಚರೆಯ ಗಾತ್ರದ ಅಂಕಿ) ಕಾಡತೂಸಿನಲ್ಲಿ ಚರೆಗಳು ಸುಮಾರು 300. ದೂರ ಹೆಚ್ಚಿದಂತೆ ಅವುಗಳ ನಡುವಿನ ಸಂದು ಅಗಲವಾಗಿ, ಅಂಚು ತೋರಿಸಿಕೊಂಡು ಹಾರುವ ತಟ್ಟೆ ಆ ಸಂದಿನಲ್ಲಿ ನುಸುಳಿ ಹೋಗಬಹುದು. ಆದ್ದರಿಂದ ಹಿಂದಕ್ಕೆ ಸರಿದವರು ಚೋಕ್ ಬಿಗಿ ಮಾಡಿಕೊಳ್ಳಬೇಕು. ತಟ್ಟೆಯ ಮುಂದೆ ಕೊಡಬೇಕಾದ ಅಂತರವೂ ಹೆಚ್ಚುತ್ತದೆ. ನಳಿಗೆ ತಿರುಗಿಸಬೇಕಾದ ಕೋನ ಮಾತ್ರ ಹಿಂದೆ ನಿಂತಷ್ಟೂ ಕಿರಿದಾಗುತ್ತದೆ, ಅದೊಂದು ಅನುಕೂಲ.

ನೆಲ ಗುರುತು ಮಾಡುವಾಗ ಟೇಪನ್ನು ಯಂತ್ರದ ಕೋಣೆಯ ಗೋಡೆಯಿಂದ ಹಿಡಿಯಬೇಡಿ, ಯಂತ್ರ ತಟ್ಟೆಯನ್ನು ಬಿಡುವ ಬಿಂದುವಿನಿಂದ ಹಿಡಿಯಿರಿ. 16 ಗಜದ ಗೆರೆಯಲ್ಲಿ ಐದು ನಿಲುಗಡೆಗಳ ನಡುವೆ ಮೂರು ಮೂರು ಗಜ ಇರಲಿ. ಅಲ್ಲಿಂದ ಐದು ಓಣಿಗಳು ಬೀಸಣಿಗೆಯ ಕಡ್ಡಿಗಳಂತೆ ಹಿಂದಕ್ಕೆ ಹರಡಿಕೊಂಡು ಹೋಗಬೇಕು. ಪ್ರತಿ ಗಜಕ್ಕೂ ಸುಣ್ಣದ ಗೆರೆ, ಅದರ ಪಕ್ಕದಲ್ಲಿ ಅಂಕಿ. ಗಜ 0.9144 ಮೀಟರ್ ಆದ್ದರಿಂದ 20 ಗಜವೆಂದರೆ 18.29 ಮೀಟರ್, 22 ಗಜವೆಂದರೆ 20.12 ಮೀಟರ್, ಮೀಟರ್ ಟೇಪ್ ಮಾತ್ರ ಇರುವವರು ಇದನ್ನು ಹಲಗೆಯ ಮೇಲೆ ಬರೆದಿಟ್ಟುಕೊಳ್ಳಲಿ. ಅಮೆರಿಕದ ಗೆರೆಗಳನ್ನು ಹಾಗೆಯೇ ಎತ್ತಿಕೊಳ್ಳುವ ಅಗತ್ಯ ಚಿಕ್ಕ ಗುಂಪಿಗಿಲ್ಲ. ಸರಾಸರಿ 18ಕ್ಕಿಂತ ಕೆಳಗಿನವರು 16ರಲ್ಲಿ, 18ರಿಂದ 21ರವರು 18ರಲ್ಲಿ, 21ಕ್ಕಿಂತ ಮೇಲಿನವರು 20ರಲ್ಲಿ ಆರಂಭಿಸಲಿ, ಆಮೇಲೆ ಗೆದ್ದಾಗಲೆಲ್ಲ ಒಂದು ಗಜ ಹಿಂದೆ ಎಂದು ನಾನು ಸೂಚಿಸುತ್ತೇನೆ.

ಇಲ್ಲಿ ಒಂದು ಎಚ್ಚರಿಕೆಗೆ ಯಾವ ರಿಯಾಯಿತಿಯೂ ಇಲ್ಲ. ಅಕ್ಕಪಕ್ಕದ ಓಣಿಗಳಲ್ಲಿ ಒಬ್ಬರು 16ರಲ್ಲಿ, ಇನ್ನೊಬ್ಬರು 22ರಲ್ಲಿ ನಿಂತರೆ ಹಿಂದಿನವರ ನಳಿಗೆಯ ಬಾಯಿ ಮುಂದಿನವರ ಬೆನ್ನ ಹಿಂದೆ ಬರುತ್ತದೆ. ಇದು ಆಗಲೇಬಾರದು. ಒಟ್ಟಿಗೆ ಗೆರೆಗೆ ಇಳಿಯುವ ಒಂದು ಸ್ಕ್ವಾಡ್‌ನಲ್ಲಿ ನೆರೆಯವರ ನಡುವೆ ಎರಡು ಗಜಕ್ಕಿಂತ, ಇಡೀ ಸ್ಕ್ವಾಡ್‌ನಲ್ಲಿ ಮೂರು ಗಜಕ್ಕಿಂತ ಹೆಚ್ಚು ವ್ಯತ್ಯಾಸ ಬಾರದ ಹಾಗೆ ಐದೈದು ಜನರನ್ನು ಜೋಡಿಸಿ. ಹಾಗೆ ಜೋಡಿಸುವಷ್ಟು ಜನ ಇಲ್ಲದ ದಿನ ದೂರದ ಹ್ಯಾಂಡಿಕ್ಯಾಪ್ ಬಿಟ್ಟು ಕೂಡಿಕೆಗೆ ಬನ್ನಿ. ನಮ್ಮ ಗುಂಪು ಕೊನೆಗೆ ಕೂಡಿಕೆಯಲ್ಲೇ ನೆಲೆ ನಿಂತದ್ದಕ್ಕೆ ಇದೇ ಕಾರಣ.

ಕೂಡಿಕೆಯ ಹ್ಯಾಂಡಿಕ್ಯಾಪ್

ಇದರಲ್ಲಿ ಎಲ್ಲರೂ 16 ಗಜದಲ್ಲೇ ನಿಲ್ಲುತ್ತಾರೆ. ಒಡೆದ ತಟ್ಟೆಗಳಿಗೆ ಪ್ರತಿಯೊಬ್ಬರ ಹ್ಯಾಂಡಿಕ್ಯಾಪ್ ಕೂಡಿಸಿ ಅಂತಿಮ ಅಂಕ ತೆಗೆಯಲಾಗುತ್ತದೆ, ಮೊತ್ತ 25 ಮೀರಿದರೆ 25 ಎಂದೇ ಬರೆಯಲಾಗುತ್ತದೆ. ಹ್ಯಾಂಡಿಕ್ಯಾಪ್ ಸಿಗುವುದು ಹೀಗೆ: ಒಂದು ಮೂಲ ಅಂಕದಿಂದ ಶೂಟರ್‌ನ ಸರಾಸರಿ ಕಳೆಯಿರಿ, ಉಳಿದದ್ದರಲ್ಲಿ ನೂರಕ್ಕೆ 80 ಪಾಲು ತೆಗೆದುಕೊಳ್ಳಿ, ಬಿಡಿ ಭಾಗವನ್ನು ಬಿಟ್ಟುಬಿಡಿ. ಮೂಲ ಅಂಕ 25 ಆಗಬೇಕಿಲ್ಲ. ಗುಂಪಿನ ಅತ್ಯುತ್ತಮ ಶೂಟರ್‌ನ ಸರಾಸರಿಯ ಹತ್ತಿರದ ಅಂಕಿ ಸಾಕು. ನಮ್ಮಲ್ಲಿ ಅದು 24.

ಸರಾಸರಿ 23 ಇರುವವರಿಗೆ ವ್ಯತ್ಯಾಸ 1, ಅದರ ನೂರಕ್ಕೆ 80 ಅಂದರೆ 0.8, ಬಿಡಿ ಬಿಟ್ಟರೆ ಸೊನ್ನೆ. ಸರಾಸರಿ 20ರವರಿಗೆ ವ್ಯತ್ಯಾಸ 4, ಪಾಲು 3.2, ಹ್ಯಾಂಡಿಕ್ಯಾಪ್ 3. ಸರಾಸರಿ 17ರವರಿಗೆ 5.6ರಿಂದ 5. ಸರಾಸರಿ 14ರವರಿಗೆ ಸರಿಯಾಗಿ 8. ಒಂದು ಭಾನುವಾರ ಈ ನಾಲ್ವರು ಕ್ರಮವಾಗಿ 23, 21, 17 ಮತ್ತು 18 ಒಡೆದರೆಂದುಕೊಳ್ಳಿ. ಅಂತಿಮ ಅಂಕಗಳು 23, 24, 22, ಮತ್ತು ಕೊನೆಯವರದು 26 ಆಗಿ 25ಕ್ಕೆ ನಿಲ್ಲುತ್ತದೆ. ನಮ್ಮಲ್ಲಿ ಇದೇ ಬಗೆಯಲ್ಲಿ ಮೊದಲ ಸಲ ಗೆದ್ದ ಕಾಲೇಜು ಹುಡುಗನೊಬ್ಬ ಪುಸ್ತಕದ ಮೇಲೆ ಬಗ್ಗಿ, "ಸಾರ್, ಅಂಕಲ್ ಇಪ್ಪತ್ತಮೂರು ಹೊಡೆದಿದ್ದಾರೆ, ನಾನು ಹದಿನೆಂಟು. ಇದು ನನ್ನದು ಹೇಗಾಗುತ್ತೆ?" ಎಂದು ಕೇಳಿದ್ದ. ಅವನ ಪಕ್ಕದಲ್ಲಿದ್ದ ಆ ಹಿರಿಯರೇ ಉತ್ತರ ಕೊಟ್ಟರು: "ನಾನು ಎಂದಿನ ಹಾಗೆ ಹೊಡೆದೆ ಕಣಪ್ಪಾ, ನೀನು ನಿನಗಿಂತ ನಾಲ್ಕು ಹೆಚ್ಚು ಹೊಡೆದೆ." ಈ ವಿಧಾನ ಅಳೆಯುವುದು ಅದನ್ನೇ, ಯಾರು ತಮ್ಮ ಎಂದಿನ ಮಟ್ಟಕ್ಕಿಂತ ಮೇಲೆ ಹೋದರು ಎಂಬುದನ್ನು.

ನೂರಕ್ಕೆ 80 ಏಕೆ, ಪೂರ್ತಿ ಏಕಲ್ಲ? ಪೂರ್ತಿ ಕೊಟ್ಟರೆ ಸಮಾನವಾಗುತ್ತದೆಂದು ಮೇಲ್ನೋಟಕ್ಕೆ ಅನಿಸುತ್ತದೆ, ಆದರೆ ಆಗುವುದಿಲ್ಲ. ನೂರಕ್ಕೆ 95 ಒಡೆಯುವವರು ಎಂಟು ಸುತ್ತುಗಳಲ್ಲಿ ಏಳರಲ್ಲಿ 23, 24, 25ರ ಮೂರು ಮೆಟ್ಟಿಲುಗಳ ಮೇಲೆಯೇ ಓಡಾಡುತ್ತಾರೆ, ಮೇಲೆ ಹೋಗಲು ಅವರಿಗೆ ಜಾಗವೇ ಇಲ್ಲ. ನೂರಕ್ಕೆ 60 ಒಡೆಯುವವರ ಅಂಕ 11ರಿಂದ 19ರವರೆಗೆ ತೂಗಾಡುತ್ತದೆ. ಅಂಥವರು ಆರೇಳು ಜನ ಇದ್ದಲ್ಲಿ, ಅವರಲ್ಲಿ ಯಾರಾದರೊಬ್ಬರಿಗೆ ಅಂದು ಅದೃಷ್ಟ ಒಲಿದೇ ಒಲಿಯುತ್ತದೆ, ಅವರು ಪೂರ್ತಿ ಹ್ಯಾಂಡಿಕ್ಯಾಪ್‌ನೊಂದಿಗೆ ಗೆದ್ದುಬಿಡುತ್ತಾರೆ. ತಿಂಗಳು ತಿಂಗಳೂ ಹೀಗಾದರೆ ಅನುಭವಿಗಳು ಲೆಕ್ಕಕ್ಕಿಲ್ಲದವರಾಗುತ್ತಾರೆ. ಮೊದಲಿದ್ದ ಅನ್ಯಾಯವೇ ಮಗ್ಗುಲು ಬದಲಿಸಿದಂತೆ. ಒಂದು ಪಾಲನ್ನು ತಡೆಹಿಡಿಯುವುದು ಅದಕ್ಕಾಗಿ. 80 ಎಂಬುದು ಶಾಸನವಲ್ಲ. ಒಂದು ವರ್ಷದ ಗೆಲುವುಗಳನ್ನು ಎಣಿಸಿ ನೋಡಿ, ಹೊಸಬರೇ ಹೆಚ್ಚು ಗೆದ್ದಿದ್ದರೆ 75ಕ್ಕೆ ಇಳಿಸಿ, ಒಬ್ಬರೂ ಗೆಲ್ಲದಿದ್ದರೆ 85ಕ್ಕೆ ಏರಿಸಿ. ವರ್ಷದ ನಡುವೆ ಮಾತ್ರ ಮುಟ್ಟಬೇಡಿ.

25ರ ಮಿತಿಯನ್ನು ಕೆಲವರು ತೆಗೆಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ, ಏಕೆಂದರೆ 25ಕ್ಕೆ 25 ಒಡೆದ ಮನುಷ್ಯನನ್ನು ಯಾವ ಕೂಡಿಕೆಯೂ ಸೋಲಿಸಬಾರದು. ಅವರು ಸಮನಾಗಬಹುದು, ಸೋಲಬಾರದು.

ಸರಾಸರಿಯನ್ನು ಯಾವ ಸುತ್ತುಗಳಿಂದ ತೆಗೆಯಬೇಕು

ಇಲ್ಲಿ ಗಾಲ್ಫ್‌ನಿಂದ ಒಂದು ಪಾಠ ಕಲಿಯಬೇಕು. 2020ರಿಂದ ಜಾರಿಯಲ್ಲಿರುವ ವಿಶ್ವ ಹ್ಯಾಂಡಿಕ್ಯಾಪ್ ಕ್ರಮದಲ್ಲಿ ಕೊನೆಯ 20 ಅಂಕಪಟ್ಟಿಗಳಲ್ಲಿ ಅತ್ಯುತ್ತಮ 8ನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಚಿಕ್ಕ ಗುಂಪಿಗೆ ಕೊನೆಯ ಎಂಟು ಸುತ್ತುಗಳಲ್ಲಿ ಅತ್ಯುತ್ತಮ ನಾಲ್ಕು ಸಾಕು. ಮೇಲೆ ಹೇಳಿದ ಹುಡುಗನ ಸಾಲಿನಲ್ಲಿ ಪಂದ್ಯಕ್ಕೆ ಮೊದಲು 10, 12, 15, 11, 14, 9, 15, 12 ಇದ್ದವೆಂದುಕೊಳ್ಳಿ. ಉತ್ತಮ ನಾಲ್ಕು 15, 15, 14, 12. ಮೊತ್ತ 56, ಸರಾಸರಿ 14. ಅವನು 18 ಒಡೆದಾಗ ಹಳೆಯ 10 ಉದುರಿಹೋಗಿ ಉತ್ತಮ ನಾಲ್ಕು 18, 15, 15, 14 ಆಗುತ್ತವೆ. ಮೊತ್ತ 62, ಸರಾಸರಿ 15.5. ವ್ಯತ್ಯಾಸ 8.5, ಅದರ ಪಾಲು 6.8, ಹೊಸ ಹ್ಯಾಂಡಿಕ್ಯಾಪ್ 6. ಒಂದೇ ಒಳ್ಳೆಯ ಸುತ್ತು ಎರಡು ಅಂಕ ಕಳೆಯಿತು.

ಈಗ ಇದರ ಇನ್ನೊಂದು ಮಗ್ಗುಲನ್ನು ನೋಡಿ. ಅವನು ಅಂದು 18ರ ಬದಲು 7 ಒಡೆದಿದ್ದರೆ? ಉತ್ತಮ ನಾಲ್ಕು ಹಾಗೆಯೇ ಉಳಿಯುತ್ತವೆ, ಹ್ಯಾಂಡಿಕ್ಯಾಪ್ 8ರಲ್ಲೇ ನಿಲ್ಲುತ್ತದೆ. ಅಂದರೆ ಬೇಕೆಂದೇ ತಟ್ಟೆ ಬಿಟ್ಟು ಹ್ಯಾಂಡಿಕ್ಯಾಪ್ ಏರಿಸಿಕೊಳ್ಳಲು ಹೊರಟವನಿಗೆ ಒಂದೆರಡು ಸುತ್ತು ಸಾಲುವುದಿಲ್ಲ, ಹಲವು ಸುತ್ತು ಎಲ್ಲರ ಕಣ್ಣೆದುರು ಕೆಟ್ಟದಾಗಿ ಹೊಡೆಯಬೇಕಾಗುತ್ತದೆ. ಇಂಥ ಆಟ ಆಡುವವರು ವಿರಳ, ಆದರೆ ಒಬ್ಬರ ಮೇಲೆ ಅನುಮಾನ ಹುಟ್ಟಿದರೂ ಇಡೀ ಗುಂಪಿನ ನಂಬಿಕೆ ಬಿರುಕು ಬಿಡುತ್ತದೆ. ಅನುಮಾನಕ್ಕೆ ಎಡೆಯೇ ಇಲ್ಲದ ಲೆಕ್ಕ ಇಟ್ಟುಕೊಳ್ಳುವುದು ಒಬ್ಬರ ಮುಖಕ್ಕೆ ಹೇಳುವುದಕ್ಕಿಂತ ಲೇಸು. ಬೇರೆ ರೇಂಜ್‌ನಿಂದ ಬಂದ ಅತಿಥಿಗಳಿಗೆ ಅಲ್ಲಿನ ಅಂಕಪಟ್ಟಿ ತೋರಿಸಲು ಕೇಳಿ, ಇಲ್ಲದಿದ್ದರೆ ಹ್ಯಾಂಡಿಕ್ಯಾಪ್ ಇಲ್ಲದೆ ಆಡಲು ವಿನಂತಿಸಿ. ಅಭ್ಯಾಸದ ಸುತ್ತುಗಳನ್ನು ಪುಸ್ತಕಕ್ಕೆ ಸೇರಿಸುವುದೋ ಬಿಡುವುದೋ ಎಂಬುದನ್ನು ವರ್ಷದ ಆರಂಭದಲ್ಲೇ ತೀರ್ಮಾನಿಸಿ. ನಾವು ಮೊದಲ ಗುಂಡಿಗೆ ಮುನ್ನ 'ಇದು ಲೆಕ್ಕಕ್ಕೆ' ಎಂದು ಹೇಳಿದ ಸುತ್ತುಗಳನ್ನು ಮಾತ್ರ ಬರೆಯುತ್ತೇವೆ.

ಆಷಾಢದ ಗಾಳಿ

ಬೆಂಗಳೂರಿನಲ್ಲಿ ಹ್ಯಾಂಡಿಕ್ಯಾಪ್ ಲೆಕ್ಕ ಹಿಡಿಯುವವರಿಗೆ ಈ ವಿಷಯ ಬಹಳ ಮುಖ್ಯ. ಜೂನ್ ಮುಗಿಯುವ ಹೊತ್ತಿಗೆ ಪಡುವಣ ಗಾಳಿ ಬಯಲಿನ ಮೇಲೆ ಎಡೆಬಿಡದೆ ಬೀಸುತ್ತದೆ. ಎದುರುಗಾಳಿಗೆ ತಟ್ಟೆಯ ಹೊಟ್ಟೆ ಸಿಕ್ಕಿದರೆ ಅದು ಒಮ್ಮೆಲೇ ಮೇಲೇಳುತ್ತದೆ, ಬೆನ್ನಗಾಳಿಯಲ್ಲಿ ಕುಸಿಯುತ್ತದೆ, ಅಡ್ಡಗಾಳಿಯಲ್ಲಿ ದಾರಿ ಬಿಟ್ಟು ಬಾಗುತ್ತದೆ. ಜನವರಿಯ ಮುಂಜಾನೆ 21 ಒಡೆಯುವವರು ಆಷಾಢದಲ್ಲಿ 17ಕ್ಕೆ ಇಳಿದರೆ ಅವರ ಕೈ ಕೆಟ್ಟಿಲ್ಲ, ದಿನ ಕೆಟ್ಟಿದೆ. ಒಂದೇ ದಿನ ಎಲ್ಲರೂ ಒಟ್ಟಿಗೆ ಆಡಿದರೆ ಗಾಳಿ ಎಲ್ಲರಿಗೂ ಒಂದೇ, ತೊಂದರೆಯಿಲ್ಲ. ತೊಂದರೆ ಬರುವುದು ಆ ಅಂಕಗಳು ಪುಸ್ತಕಕ್ಕೆ ಇಳಿದು, ಗಾಳಿಯ ದಿನ ಬಂದವರ ಸರಾಸರಿ ಮನೆಯಲ್ಲಿ ಕುಳಿತವರ ಸರಾಸರಿಗಿಂತ ಕುಗ್ಗಿ, ಸೆಪ್ಟೆಂಬರಿನಲ್ಲಿ ಹ್ಯಾಂಡಿಕ್ಯಾಪ್ ಆಗಿ ಎದ್ದು ಬಂದಾಗ.

ಪರಿಹಾರ ಸುಲಭ. ಖಾಯಂ ಸದಸ್ಯರಲ್ಲಿ ಪ್ರತಿಯೊಬ್ಬರ ಅಂದಿನ ಅಂಕದಿಂದ ಅವರ ಕೊನೆಯ ಎಂಟೂ ಸುತ್ತುಗಳ ನೇರ ಸರಾಸರಿಯನ್ನು ಕಳೆಯಿರಿ. ಉತ್ತಮ ನಾಲ್ಕರ ಸರಾಸರಿಯನ್ನು ಇಲ್ಲಿ ಬಳಸಬಾರದು, ಬಳಸಿದರೆ ಪ್ರತಿದಿನವೂ ಕೆಟ್ಟ ದಿನವಾಗಿಯೇ ಕಾಣುತ್ತದೆ. ಬಂದ ವ್ಯತ್ಯಾಸಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ನಟ್ಟನಡುವಿನದನ್ನು ಹಿಡಿಯಿರಿ. ಒಂಬತ್ತು ಜನರಿದ್ದರೆ ಐದನೆಯದು. ಅದು ಎಂದಿನ ಮಟ್ಟಕ್ಕಿಂತ 2 ಅಂಕ ಅಥವಾ ಅದಕ್ಕೂ ಹೆಚ್ಚು ಕೆಳಗಿದ್ದರೆ, ಅಷ್ಟನ್ನು ಎಲ್ಲರ ಅಂಕಕ್ಕೂ ಕೂಡಿಸಿ ಪುಸ್ತಕದಲ್ಲಿ ಬರೆಯಿರಿ, ಪಕ್ಕದಲ್ಲಿ 'ಗಾ' ಎಂದು ಗುರುತು ಹಾಕಿ. ಅಂದಿನ ಪಂದ್ಯದ ಫಲಿತಾಂಶ ಇದರಿಂದ ಬದಲಾಗಬಾರದು. ನಡುವಿನ ಅಂಕಿ ಹಿಡಿಯುವುದರಲ್ಲಿ ಒಂದು ಅನುಕೂಲವಿದೆ: ಒಬ್ಬಿಬ್ಬರು ಅಂದು ತೀರಾ ಕೆಟ್ಟದಾಗಿ ಹೊಡೆದರೂ ಅದು ಅಲುಗುವುದಿಲ್ಲ.

ಪುಸ್ತಕವೇ ಇಲ್ಲದವರಿಗೆ

ಎಂದೋ ಒಮ್ಮೆ ಸೇರುವ ಕೂಟಕ್ಕೆ, ಯಾರ ಸರಾಸರಿಯೂ ಗೊತ್ತಿಲ್ಲದ ಕಡೆಗೆ, ಲೂಯಿಸ್ ಕ್ಲಾಸ್ ಎಂಬ ಕ್ರಮವಿದೆ. ಎಲ್ಲರೂ ಹ್ಯಾಂಡಿಕ್ಯಾಪ್ ಇಲ್ಲದೆ ಹೊಡೆಯುತ್ತಾರೆ. ಮುಗಿದ ಮೇಲೆ ಅಂಕಗಳನ್ನು ಮೇಲಿನಿಂದ ಕೆಳಕ್ಕೆ ಬರೆದು ಸಮನಾದ ಮೂರು ಅಥವಾ ನಾಲ್ಕು ಪಾಲು ಮಾಡುತ್ತಾರೆ, ಪ್ರತಿ ಪಾಲಿನ ಮೊದಲಿಗರಿಗೆ ಬಹುಮಾನ. ಪಾಲಿನ ಗೆರೆ ಎಲ್ಲಿ ಬೀಳುತ್ತದೆಂದು ಯಾರಿಗೂ ಮೊದಲೇ ತಿಳಿಯದ್ದರಿಂದ ಮೋಸಕ್ಕೆ ದಾರಿಯಿಲ್ಲ. ಗೆರೆ ಸಮ ಅಂಕದವರ ನಡುವೆ ಬಿದ್ದರೆ ಏನು ಮಾಡುವುದೆಂದು ಪಂದ್ಯಕ್ಕೆ ಮೊದಲೇ ಹಲಗೆಯ ಮೇಲೆ ಬರೆಯಿರಿ. ಇದಕ್ಕಿಂತ ಹೆಚ್ಚಿನ ಸಿದ್ಧತೆ ಅದಕ್ಕೆ ಬೇಡ, ಆದರೆ ಅದರಲ್ಲಿ ಅದೃಷ್ಟದ ಪಾಲು ದೊಡ್ಡದು. ತಿಂಗಳ ಪಂದ್ಯಕ್ಕೆ ನಾನು ಅದನ್ನು ಆರಿಸುವುದಿಲ್ಲ.

ಸಮ ಬಂದಾಗ

ದೂರದ ಕ್ರಮದಲ್ಲಿ ಸಮ ಬಂದರೆ ತೊಡಕಿಲ್ಲ, ಇಬ್ಬರೂ ತಮ್ಮ ತಮ್ಮ ಗೆರೆಗಳಿಂದಲೇ ಮತ್ತೆ ಹೊಡೆದು ತೀರ್ಮಾನಿಸಿಕೊಳ್ಳಬಹುದು. ಕೂಡಿಕೆಯ ಕ್ರಮದಲ್ಲಿ ಐದೋ ಹತ್ತೋ ತಟ್ಟೆಗಳ ಚಿಕ್ಕ ಸುತ್ತು ಇಟ್ಟರೆ 25ಕ್ಕೆ ಕಟ್ಟಿದ ಹ್ಯಾಂಡಿಕ್ಯಾಪ್ ಅಲ್ಲಿ ಹೊಂದುವುದಿಲ್ಲ. 8 ಹ್ಯಾಂಡಿಕ್ಯಾಪ್ ಹತ್ತು ತಟ್ಟೆಗೆ 3.2 ಆಗುತ್ತದೆ, ಬಿಡಿ ಬಿಟ್ಟರೆ ಒಬ್ಬರಿಗೆ ನಷ್ಟ, ಏರಿಸಿದರೆ ಇನ್ನೊಬ್ಬರಿಗೆ. ತಪ್ಪಿದವರು ಹೊರಕ್ಕೆ ಎಂಬ ಪದ್ಧತಿಯಂತೂ ಹ್ಯಾಂಡಿಕ್ಯಾಪ್ ಅನ್ನೇ ಅಳಿಸಿಹಾಕುತ್ತದೆ. ಬೆಳಕೂ ಕಾಡತೂಸೂ ಉಳಿದಿದ್ದರೆ ಇಬ್ಬರಿಗೂ ಪೂರ್ತಿ 25ರ ಇನ್ನೊಂದು ಸುತ್ತು ಕೊಡಿ. ಉಳಿದಿಲ್ಲದಿದ್ದರೆ ಸಮವನ್ನು ಸಮವೆಂದೇ ಬಿಡಿ, ಅಂದಿನ ಪುಟದ ಕೆಳಗೆ ಎರಡು ಹೆಸರನ್ನೂ ಒಂದೇ ಸಾಲಿನಲ್ಲಿ, ಅವರವರ ಹ್ಯಾಂಡಿಕ್ಯಾಪ್ ಸಮೇತ ಬರೆಯಿರಿ, ಮತ್ತು ಮುಂದಿನ ತಿಂಗಳ ಹೊಸ ಹ್ಯಾಂಡಿಕ್ಯಾಪ್‌ಗಳನ್ನು ಎಲ್ಲರೂ ಕೋವಿ ಚೀಲಕ್ಕೆ ಹಾಕಿ ಹೊರಡುವ ಮುನ್ನವೇ ಗಟ್ಟಿಯಾಗಿ ಓದಿ ಹೇಳಿ.